ಮೂರನೇ ಅಧ್ಯಾಯದಲ್ಲಿ ಅಮ್ಮ

ನನ್ನ ಅಮ್ಮ ತೀರಿಕೊಂಡಿದ್ದು ಒಂದು ಬುಧವಾರ, ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ, ರೇಡಿಯೋದಲ್ಲಿ. ಆಗ ಅಮ್ಮ ಅಡುಗೆಮನೆಯಲ್ಲಿ ಕೂತು ಬೀನ್ಸ್ ಹೆಚ್ಚುತ್ತಿದ್ದಳು. ನನಗೆ ಆರು ವರ್ಷ. ನಾನು ಪಕ್ಕದಲ್ಲಿ ಕೂತು ನಾರು ತೆಗೆದು ಕೊಡುತ್ತಿದ್ದೆ.

ಅಕ್ಕನಿಗೆ ಆಗ ಹತ್ತೊಂಬತ್ತು. ಅವಳೇ ಬರೆದು ಹಾಡಿದ ಮೊದಲ ಹಾಡು ಆ ವಾರವಷ್ಟೇ ಹೊರಬಂದಿತ್ತು. ಅದಕ್ಕೂ ಆರು ತಿಂಗಳ ಹಿಂದೆ ಅಮ್ಮ ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಮನೆಯಲ್ಲಿ ಅಕ್ಕನೂ ನಾನೂ ಇಬ್ಬರೇ. ಅಪ್ಪ ಅದಕ್ಕಿಂತ ಮೊದಲೇ ನಿಜವಾಗಿ ತೀರಿಕೊಂಡಿದ್ದರು. ಅವರ ಮೇಲೆ ಅಕ್ಕ ಹಾಡು ಬರೆಯಲಿಲ್ಲ, ಯಾರೂ ಕೇಳಲೂ ಇಲ್ಲ. ಆ ಹನ್ನೊಂದು ದಿನದಲ್ಲಿ ಅಕ್ಕ ಬರೆದ ಹಾಡಿನ ಪಲ್ಲವಿ ಹೀಗಿತ್ತು: "ಬಾಗಿಲ ಬಳಿ ಎರಡು ಚಪ್ಪಲಿ, ಕಾಯುತಿವೆ ನಿನ್ನ ಕಾಲಿಗೆ." ನಿಜಕ್ಕೆ ಬಾಗಿಲಲ್ಲಿ ಉಳಿದಿದ್ದು ಒಂದೇ ಚಪ್ಪಲಿ. ಮುರಿಯದ ಕಾಲಿನದನ್ನು ಅಮ್ಮ ಹಾಕಿಕೊಂಡೇ ಹೋಗಿದ್ದಳು. ಒಂದು ಎಂದರೆ ತಾಳಕ್ಕೆ ಕೂರುವುದಿಲ್ಲ ಎಂದು ಅಕ್ಕ ಎರಡು ಮಾಡಿದಳು.

ಅಕ್ಕನನ್ನು ಸಂದರ್ಶನಕ್ಕೆ ಕರೆಸಿದ್ದ ರೇಡಿಯೋದವನು ಹಾಡಿನ ಬಗ್ಗೆ ಮಾತಾಡುತ್ತಾ ಮಾತಾಡುತ್ತಾ ದನಿ ಒದ್ದೆ ಮಾಡಿಕೊಂಡು, "ಇದನ್ನ ಕೇಳೋಕೆ ನಿಮ್ಮ ತಾಯಿ ಇವತ್ತು ನಮ್ಮ ಜೊತೆ ಇಲ್ಲ. ತೀರಿಹೋದವರಿಗೆ ಮಗಳು ಕೊಡೋ ಉಡುಗೊರೆ ಇದು, ಅಲ್ವಾ?" ಎಂದ. ಅಕ್ಕ ಏನೂ ಹೇಳಲಿಲ್ಲ. ರೇಡಿಯೋದಲ್ಲಿ ಯಾರಾದರೂ ಸುಮ್ಮನಾದರೆ ಅದು ತುಂಬಾ ಹೊತ್ತು ಕೇಳಿಸುತ್ತದೆ. ಕೊನೆಗೆ ಅವನೇ "ಕ್ಷಮಿಸಿ" ಎಂದು ಮೂಗೆಳೆದು ಹಾಡು ಹಾಕಿದ.

ಅಮ್ಮ ಚಾಕು ಕೆಳಗಿಟ್ಟಳು.

"ನಾನು ಸತ್ತೆನೇನೇ?"

"ಗೊತ್ತಿಲ್ಲ" ಎಂದೆ ನಾನು.

"ಬೀನ್ಸ್ ಕೊಡು" ಎಂದಳು.

ಮಧ್ಯಾಹ್ನ ಅಕ್ಕ ಅಳುತ್ತಾ ಮನೆಗೆ ಬಂದಳು. ಭಯಕ್ಕೆ ಬಾಯೇ ಬರಲಿಲ್ಲ ಎಂದಳು. "ಆಯ್ತು ಬಿಡು, ಈಗ ಫೋನ್ ಮಾಡಿ ಹೇಳು, ಬದುಕಿದ್ದಾಳೆ ಅಂತ" ಎಂದಳು ಅಮ್ಮ. ಅಷ್ಟರಲ್ಲಿ ಅಕ್ಕನ ಮ್ಯಾನೇಜರ್ ಬಂದ. ಆಗ ಅವನು ಮ್ಯಾನೇಜರ್ ಆಗಿರಲಿಲ್ಲ, ಮೈಕು ಬಾಡಿಗೆಗೆ ಕೊಡುತ್ತಿದ್ದ. ಹಾಡು ಮುಗಿದ ಮೇಲೆ ರೇಡಿಯೋದವರಿಗೆ ನಲವತ್ತು ಫೋನ್ ಬಂದಿದ್ದವಂತೆ, ನಲವತ್ತು ಜನರೂ ಅತ್ತಿದ್ದರಂತೆ.

"ಒಂದೇ ಒಂದು ತಿಂಗಳು, ಅಮ್ಮಾವ್ರೇ" ಎಂದ. "ಹಾಡು ಒಂಚೂರು ಮೇಲೆ ಹೋಗ್ಲಿ. ಆಮೇಲೆ ನಿಧಾನಕ್ಕೆ ಬದುಕಿಸೋಣ."

"ತಿಂಗಳಾದ ಮೇಲೆ ಹೇಗಪ್ಪಾ ಬದುಕಿಸ್ತೀಯ?"

"ಅದಕ್ಕೇನಾದ್ರೂ ದಾರಿ ಇದ್ದೇ ಇರುತ್ತೆ."

ಇರಲಿಲ್ಲ. ತಿಂಗಳಾಗುವಷ್ಟರಲ್ಲಿ ಹಾಡು ಬಸ್ಸಿನಲ್ಲಿ, ಸಲೂನಿನಲ್ಲಿ, ಪಕ್ಕದ ಮನೆಯ ಮಗುವಿನ ಬಾಯಲ್ಲಿ ಎಲ್ಲಾ ಕಡೆ ಇತ್ತು. ನಾವು ಬೇರೆ ಬೀದಿಗೆ ಮನೆ ಬದಲಾಯಿಸಿದೆವು. ಅಲ್ಲಿ ಅಮ್ಮ ದೊಡ್ಡಮ್ಮನಾದಳು. ಚಿಕ್ಕಮ್ಮ ಎಂದು ಹೇಳೋಣ ಎಂದಿದ್ದು ಮ್ಯಾನೇಜರ್. "ಬೇಡ, ಸತ್ತವಳಿಗಿಂತ ಚಿಕ್ಕವಳ ಹಾಗೆ ಕಾಣ್ತೀನಾ ನಾನು? ಹೇಳಿದ್ರೆ ನಂಬೋ ಹಾಗಿರಬೇಕು" ಎಂದು ಅಮ್ಮನೇ ದೊಡ್ಡಮ್ಮ ಎಂಬುದನ್ನು ಆರಿಸಿಕೊಂಡಳು.

ಅಕ್ಕ ಆಮೇಲೆ ಒಂಬತ್ತು ಆಲ್ಬಮ್ ಮಾಡಿದಳು. ಕುಣಿಯುವ ಹಾಡು, ಕಾರಿನಲ್ಲಿ ಕೇಳುವ ಹಾಡು, ಜಗಳವಾಡಿದ ಮೇಲೆ ಕೇಳುವ ಹಾಡು. ಜನ ಎಲ್ಲದಕ್ಕೂ ಕುಣಿದು ಕೊನೆಗೆ ಚಪ್ಪಲಿ ಹಾಡನ್ನೇ ಕೇಳುತ್ತಿದ್ದರು. ಅಭಿಮಾನಿಗಳು ವೇದಿಕೆಯ ಅಂಚಿನಲ್ಲಿ ಹೊಸ ಚಪ್ಪಲಿ ಜೋಡಿ ತಂದಿಡುವುದು ರೂಢಿಯಾಯಿತು. ಅಮ್ಮನ ಅಳತೆ ಗೊತ್ತಿಲ್ಲದೆ ಎಲ್ಲಾ ಅಳತೆಯವೂ ಬರುತ್ತಿದ್ದವು. ಹತ್ತೊಂಬತ್ತು ವರ್ಷದಿಂದ ನಮ್ಮ ಮನೆಯಲ್ಲಿ ಯಾರೂ ಚಪ್ಪಲಿ ಕೊಂಡಿಲ್ಲ.

ಅಕ್ಕ ಬರೆಯುತ್ತಿದ್ದಳು ಕೂಡ. ಒಂದು ವಾರಪತ್ರಿಕೆಗೆ ಅಂಕಣ, ಒಂದು ತೆಳ್ಳಗಿನ ಕವನಗಳ ಪುಸ್ತಕ. "ಹಾಡೋಳು ಬರೀತಾಳೆ ಅಂದ್ರೆ ಬರೆಯೋರೆಲ್ಲ ನಗ್ತಾರೆ ಕಣೇ" ಎನ್ನುತ್ತಿದ್ದಳು, ಆದರೂ ಬರೆಯುತ್ತಿದ್ದಳು. ಎಲ್ಲವನ್ನೂ ಬರೆದಿದ್ದು ಗ್ರೀನ್ ರೂಮಿನಲ್ಲಿ, ನಾನು ಅವಳ ಬಟ್ಟೆಗೆ ಪಿನ್ನು ಹಾಕುವಾಗ, ನಿಂತುಕೊಂಡೇ, ಹಾಡುಗಳ ಪಟ್ಟಿಯ ಹಿಂಬದಿಯಲ್ಲಿ.

ಅವಳ ವೇದಿಕೆಯ ಬಟ್ಟೆ ಹೊಲಿಯುವವಳು ನಾನೇ. ಬೆನ್ನಿನ ಕೆಳಗೆ ಮೈಕಿನ ಡಬ್ಬಿಗೆ ಒಂದು ಜೇಬು ಬೇಕು. ಬೆವರು ಒಳಗೆ ಹೋಗಬಾರದು, ಕುಣಿದರೆ ಡಬ್ಬಿ ಬೀಳಬಾರದು. ಎರಡು ಹಾಡಿನ ಮಧ್ಯೆ ನಲವತ್ತು ಸೆಕೆಂಡಿನಲ್ಲಿ ಒಂದು ಬಟ್ಟೆ ಕಳಚಿ ಇನ್ನೊಂದು ಹಾಕಿಸಬೇಕು. ಇದೆಲ್ಲ ನನಗೆ ಬರುತ್ತದೆ. ಮಾತಾಡಲು ಬರುವುದಿಲ್ಲ. ಬಾಯಲ್ಲಿ ನಾಲ್ಕು ಪಿನ್ನು ಕಚ್ಚಿಕೊಂಡಿದ್ದರೆ ಯಾರೂ ಮಾತಾಡಿಸುವುದಿಲ್ಲ ಎಂದು ಗೊತ್ತಾದ ದಿನ ನನಗೆ ಈ ಕೆಲಸ ಇಷ್ಟವಾಯಿತು.

ಶಾಲೆ ನಾನು ಎಂಟನೇ ತರಗತಿಗೆ ಬಿಟ್ಟೆ. ಅಲ್ಲಿ ಪ್ರತಿ ವರ್ಷ 'ನನ್ನ ತಾಯಿ' ಎಂದು ಪ್ರಬಂಧ ಬರೆಸುತ್ತಿದ್ದರು. ಪ್ರತಿ ವರ್ಷ ಟೀಚರ್ ನನ್ನ ತಲೆ ಸವರಿ, "ನೀನು ಬರೀಬೇಡ ಪುಟ್ಟಾ, ಹೊರಗೆ ಹೋಗಿ ಆಡ್ಕೋ" ಎನ್ನುತ್ತಿದ್ದರು. ನಾನು ಹೊರಗೆ ಒಬ್ಬಳೇ ಆಡಿಕೊಳ್ಳುತ್ತಿದ್ದೆ. ಎಂಟನೇ ತರಗತಿಗೆ ಬಂದ ಹೊಸ ಟೀಚರಿಗೆ ಏನೂ ಗೊತ್ತಿರಲಿಲ್ಲ. ಎಬ್ಬಿಸಿ ನಿಲ್ಲಿಸಿ, ನಿಮ್ಮ ತಾಯಿ ಏನು ಮಾಡುತ್ತಾರೆ ಎಂದರು. ಬೀನ್ಸ್ ಹೆಚ್ಚುತ್ತಾರೆ ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ನಿಂತೆ. ಗಂಟೆ ಹೊಡೆಯುವವರೆಗೂ ನಿಂತೇ ಇದ್ದೆ. ಮಾರನೇ ದಿನ ಜ್ವರ ಬಂತು. ಜ್ವರ ಬಿಟ್ಟ ಮೇಲೂ ನಾನು ಹೋಗಲಿಲ್ಲ, ಅಮ್ಮ ಹೋಗು ಎನ್ನಲೂ ಇಲ್ಲ. ನಾನು ಎಲ್ಲಾದರೂ ಬಾಯಿಬಿಟ್ಟರೆ ಅಕ್ಕನ ಗತಿ ಏನು ಎಂದು ಅವಳಿಗೆ ಹೆದರಿಕೆ.

ಅಮ್ಮ ಮಾತ್ರ ದೊಡ್ಡಮ್ಮನ ಕೆಲಸವನ್ನು ಚೆನ್ನಾಗಿ ನಿಭಾಯಿಸಿದಳು. ಪತ್ರಿಕೆಯವರು ಬಂದು ನಿಮ್ಮ ತಂಗಿ ಹೇಗಿದ್ದರು ಎಂದು ಕೇಳಿದರೆ, "ಬಂಗಾರದಂಥ ಹೆಂಗಸು. ಒಬ್ಬರ ಮನಸ್ಸು ನೋಯಿಸಿದವಳಲ್ಲ. ನಾನು ಅವಳ ಕಾಲಿನ ಧೂಳಿಗೂ ಸಮ ಅಲ್ಲ" ಎನ್ನುತ್ತಿದ್ದಳು. ವರ್ಷದಿಂದ ವರ್ಷಕ್ಕೆ ಸತ್ತ ತಂಗಿ ಒಳ್ಳೆಯವಳಾಗುತ್ತಾ ಹೋದಳು.

ಕಳೆದ ವರ್ಷ ಒಂದು ಪ್ರಕಾಶನದವರು ಅಕ್ಕನ ಜೀವನಕಥೆ ಕೇಳಿದರು. ಅಕ್ಕ ಒಪ್ಪಿಕೊಂಡಳು. ಅಂದಿನಿಂದ ಅಮ್ಮ ದಿನಾ ನನ್ನ ಹೊಲಿಗೆ ಯಂತ್ರದ ಪಕ್ಕ ಬಂದು ನಿಲ್ಲತೊಡಗಿದಳು.

"ಎಲ್ಲಿಗೆ ಬಂತೇ ಅವಳ ಪುಸ್ತಕ?"

"ಎರಡನೇ ಅಧ್ಯಾಯ. ಕಾಲು ಮುರಿದಿದೆ."

"ಹಂಗಾದ್ರೆ ರೇಡಿಯೋ ಬರೋದು ಮೂರರಲ್ಲಿ." ಅಮ್ಮ ನಾನು ಹೊಲಿದಿಟ್ಟ ಬಟ್ಟೆಯನ್ನು ಎತ್ತಿ, ಮಡಚಿ, ಮತ್ತೆ ಬಿಚ್ಚಿ ಮಡಚಿದಳು. "ಅರವತ್ತಮೂರು ವರ್ಷ ಆಯ್ತು ನಂಗೆ. ಪುಸ್ತಕದಲ್ಲಾದ್ರೂ ನನ್ನನ್ನ ಬದುಕಿಸ್ತಾಳೇನೇ?"

"ಕೇಳು ಅವಳನ್ನೇ."

"ನಾನು ಕೇಳಲ್ಲಪ್ಪ. ಕೇಳಿ ಬದುಕೋಕಾಗುತ್ತಾ?"

ಅಕ್ಕನನ್ನು ನಾನೂ ಕೇಳಲಿಲ್ಲ. ಆದರೆ ನೋಡುತ್ತಿದ್ದೆ. ಮೂರನೇ ಅಧ್ಯಾಯಕ್ಕೆ ಬಂದ ಮೇಲೆ ಅವಳ ಪೆನ್ನು ನಿಂತಿತು. ಮೂರು ವಾರ ಹಾಡುಗಳ ಪಟ್ಟಿಯ ಹಿಂಬದಿ ಖಾಲಿ ಇತ್ತು. ಒಮ್ಮೆ ಗ್ರೀನ್ ರೂಮಿಗೆ ಬಂದ ಮ್ಯಾನೇಜರ್ ಹೇಳುತ್ತಿದ್ದ: "ಸತ್ತೋರು ಎದ್ದು ಬಂದ್ರೆ ಜನ ಖುಷಿ ಪಡಲ್ಲಮ್ಮ, ಹೆದರ್ಕೋತಾರೆ. ಮುಂದಿನ ವರ್ಷದ ಕಾರ್ಯಕ್ರಮ ಎಲ್ಲಾ ಆ ಹಾಡಿನ ಮೇಲೆ ನಿಂತಿದೆ." ಆಮೇಲೆ ಅಕ್ಕ ಒಂದೇ ಮಧ್ಯಾಹ್ನ ಕೂತು ಅಧ್ಯಾಯ ಮುಗಿಸಿದಳು. ಅದರಲ್ಲಿ ಅಮ್ಮ ಆಸ್ಪತ್ರೆಯ ಹನ್ನೊಂದನೇ ದಿನ, ಕಿಟಕಿಯ ಕಡೆ ಮುಖ ಮಾಡಿ, ತೀರಿಕೊಂಡಿದ್ದಳು.

ಅಮ್ಮನಿಗೆ ನಾನು ಹೇಳಲಿಲ್ಲ. ಎಲ್ಲಿಗೆ ಬಂತು ಎಂದಾಗ, "ಬರೀತಿದ್ದಾಳೆ" ಎಂದೆ.

ಹೇಳಿದ್ದು ಸಂಪಾದಕಿ. ಪ್ರಕಾಶನದಿಂದ ಬಂದ ಆಕೆ ದಪ್ಪ ಕನ್ನಡಕದ, ಕಿವಿಯ ಮೇಲೆ ಸೀಸದಕಡ್ಡಿ ಸಿಕ್ಕಿಸಿಕೊಂಡಿದ್ದ ಹೆಂಗಸು. ಬೆಳಗ್ಗೆ ಹನ್ನೊಂದಕ್ಕೆ ಮನೆಗೆ ಬಂದರು. ಅಂದು ಅಕ್ಕನ ಮೌನದ ದಿನ. ದೊಡ್ಡ ಕಾರ್ಯಕ್ರಮಕ್ಕೆ ಮುಂಚೆ ಎರಡು ದಿನ ಅವಳು ಗಂಟಲಿಗೆ ರಜೆ ಕೊಡುತ್ತಾಳೆ. ಮಾತೇ ಇಲ್ಲ, ಹೇಳಬೇಕಾದ್ದನ್ನು ಒಂದು ಸಣ್ಣ ಸ್ಲೇಟಿನ ಮೇಲೆ ಬರೆದು ತೋರಿಸುತ್ತಾಳೆ. ಸಂಪಾದಕಿ ಬಂದಾಗ ಅಕ್ಕ ಊಟದ ಮೇಜಿನ ತುದಿಯಲ್ಲಿ ಬಿಸಿನೀರಿನ ಪಾತ್ರೆಯ ಮೇಲೆ ಬಗ್ಗಿ, ತಲೆಯ ಮೇಲೆ ಟವೆಲ್ ಮುಚ್ಚಿಕೊಂಡು ಆವಿ ತೆಗೆದುಕೊಳ್ಳುತ್ತಿದ್ದಳು. ಟವೆಲಿನೊಳಗಿಂದ ಒಂದು ಕೈ ಬಂದು ನಮಸ್ಕಾರದಂತೆ ಏನೋ ಮಾಡಿ ಒಳಗೆ ಹೋಯಿತು.

"ಪರವಾಗಿಲ್ಲ, ನೀವು ಆವಿ ತಗೊಳ್ಳಿ" ಎಂದರು ಸಂಪಾದಕಿ. "ನನಗೆ ಇವತ್ತು ಬೇಕಾಗಿರೋದು ದೊಡ್ಡಮ್ಮ."

ಅಮ್ಮ ಚಹಾ ತಂದಿಟ್ಟು ಕೂತಳು. ನಾನು ಮೂಲೆಯಲ್ಲಿ ಒಂದು ತೋಳಿಗೆ ಮಿಂಚು ಬಿಲ್ಲೆ ಹೊಲಿಯುತ್ತಿದ್ದೆ.

"ಮೂರನೇ ಅಧ್ಯಾಯ ಓದಿ ಅತ್ತುಬಿಟ್ಟೆ ನಾನು" ಎಂದರು ಸಂಪಾದಕಿ. "ಆದ್ರೆ ತಾಯಿ ಸಾಯೋ ಭಾಗ ತುಂಬಾ ಅವಸರದಲ್ಲಿ ಮುಗೀತು ಅನ್ಸುತ್ತೆ. ಆಗ ಇವರಿನ್ನೂ ಹುಡುಗಿ, ನೆನಪಿರಲ್ಲ. ನೀವು ಜೊತೆಗೇ ಇದ್ರಲ್ಲ, ಒಂದೆರಡು ವಿವರ ಹೇಳಿದ್ರೆ ಸೇರಿಸಬಹುದು. ಓದ್ಲಾ?"

ಅಮ್ಮ ಟವೆಲಿನ ಕಡೆ ನೋಡಿದಳು. ಟವೆಲ್ ಅಲುಗಾಡಲಿಲ್ಲ.

"ಓದಮ್ಮ" ಎಂದಳು.

ಸಂಪಾದಕಿ ಓದಿದರು. ಅಮ್ಮ ಚಹಾ ಕುಡಿಯುತ್ತಾ ತನ್ನ ಸಾವನ್ನು ಪೂರ್ತಿ ಕೇಳಿದಳು. ಲೋಟ ಕೆಳಗಿಟ್ಟು, "ಆಸ್ಪತ್ರೆಯಲ್ಲಿ ಬೇಡ" ಎಂದಳು.

"ಅಂದ್ರೆ?"

"ಆಸ್ಪತ್ರೆಯಲ್ಲಿ ಸಾಯಲಿಲ್ಲ ಅವಳು. ಅಲ್ಲಿದ್ದ ನರ್ಸ್ ಒಳ್ಳೆ ಹುಡುಗಿ, ಪಾಪ. ಕಾಲು ಮುರಿದುಕೊಂಡು ಬಂದೋರು ಸತ್ತುಹೋದ್ರು ಅಂತ ಬರೆದ್ರೆ ಅವಳಿಗೆ ಕೆಟ್ಟ ಹೆಸರು ಬರಲ್ವಾ? ಮನೆಯಲ್ಲೇ ಸಾಯಿಸಿ."

ಸಂಪಾದಕಿ ಸೀಸದಕಡ್ಡಿ ತೆಗೆದು ಬರೆದುಕೊಂಡರು. "ಮನೆಯಲ್ಲಿ. ಯಾವ ಹೊತ್ತಲ್ಲಿ?"

"ಬೆಳಗ್ಗೆ. ಹತ್ತೂ ಇಪ್ಪತ್ತು."

"ಅಷ್ಟು ಸರಿಯಾಗಿ ನೆನಪಿದೆ ನಿಮಗೆ!"

"ಮರೆಯೋ ಹೊತ್ತಲ್ಲ ಅದು."

"ನೋವಿತ್ತಾ ಅವರಿಗೆ?"

ಅಮ್ಮ ಸ್ವಲ್ಪ ಯೋಚಿಸಿದಳು. "ಮೊದಲು ಇರಲಿಲ್ಲ. ಹೋಗ್ತಾ ಹೋಗ್ತಾ ಬಂತು."

"ಹೇಗಿದ್ರು ಅವರು, ಮನುಷ್ಯಳಾಗಿ? ಪತ್ರಿಕೆಗಳಲ್ಲಿ ನೀವು ಹೇಳಿದ್ದೆಲ್ಲ ಓದಿದೀನಿ. ಬಂಗಾರ ಅಂತ."

"ಬಂಗಾರ ಏನಲ್ಲ ಬಿಡಿ" ಎಂದಳು ಅಮ್ಮ. ನನ್ನ ಸೂಜಿ ನಿಂತಿತು. ಹತ್ತೊಂಬತ್ತು ವರ್ಷದಲ್ಲಿ ಸತ್ತವಳ ಮೇಲೆ ಮೊದಲ ದೂರು ಅದು. "ಹೆದರುಪುಕ್ಕಿ. ಒಬ್ಬ ಮಗಳಿಗೆ ಒಳ್ಳೇದಾಗ್ಲಿ ಅಂತ ಇನ್ನೊಬ್ಬಳ ಬಾಯಿ ಮುಚ್ಚಿಸಿದ್ಲು."

ಸಂಪಾದಕಿಗೆ ಅರ್ಥವಾಗಲಿಲ್ಲ, ಆದರೂ ಬರೆದುಕೊಂಡರು. "ಕೊನೆಗೆ ಏನಾದ್ರೂ ಹೇಳಿದ್ರಾ? ಕೊನೆ ಮಾತು ಅಂತ ಒಂದಿದ್ರೆ ಅಧ್ಯಾಯ ಚೆನ್ನಾಗಿ ನಿಲ್ಲುತ್ತೆ."

"ಹೇಳಿದ್ಲು. 'ಚಿಕ್ಕವಳು ಓದ್ಲಿ, ಅವಳ ಶಾಲೆ ಬಿಡಿಸ್ಬೇಡ' ಅಂದ್ಲು." ಅಮ್ಮ ಸೆರಗಿನಿಂದ ಲೋಟದ ಕೆಳಗಿನ ಒದ್ದೆ ಒರೆಸಿದಳು. "ನಾನು ಕೇಳ್ಲಿಲ್ಲ."

ನಾನು ಸೂಜಿಗೆ ದಾರ ಪೋಣಿಸಲು ನೋಡಿದೆ. ಅದರಲ್ಲಿ ಆಗಲೇ ದಾರ ಇತ್ತು.

ಅಕ್ಕ ಟವೆಲ್ ತೆಗೆದಳು. ಮುಖ ಟೊಮೇಟೊ ಹಾಗೆ ಕೆಂಪಗಾಗಿ, ಎಲ್ಲಾ ಕಡೆಯಿಂದ ನೀರು ಸುರಿಯುತ್ತಿತ್ತು. ಎಷ್ಟು ಆವಿಯದು, ಎಷ್ಟು ಬೇರೆಯದು ಎಂದು ಹೇಳಲಾಗುತ್ತಿರಲಿಲ್ಲ. ಸ್ಲೇಟು ಎಳೆದುಕೊಂಡು ದೊಡ್ಡ ಅಕ್ಷರದಲ್ಲಿ ಬರೆದು ಸಂಪಾದಕಿಯ ಮುಂದೆ ಹಿಡಿದಳು.

ಇವಳೇ ನಮ್ಮಮ್ಮ.

ಸಂಪಾದಕಿ ಸೀಸದಕಡ್ಡಿಯಿಂದ ಅದನ್ನು ತೋರಿಸಿ, "ಇವಳೇ ಅಂತ ಬೇಡ, ಇವರೇ ಅನ್ನಿ" ಎಂದರು. ಹೇಳಿ ಆದ ಮೇಲೆ ಅರ್ಥವಾಯಿತು. ಕನ್ನಡಕ ತೆಗೆದು ಅಮ್ಮನನ್ನು ನೋಡಿದರು, ಹಾಕಿಕೊಂಡು ಮತ್ತೆ ನೋಡಿದರು.

"ಇನ್ನೊಂದು ಚಹಾ ಮಾಡ್ಲಾ?" ಎಂದಳು ಅಮ್ಮ.

ಅಕ್ಕ ಸ್ಲೇಟು ಒರೆಸಿ ಇನ್ನೊಂದು ಬರೆದಳು: ಮೂರನೇ ಅಧ್ಯಾಯ ವಾಪಸ್ ಕೊಡಿ.

ಸಂಪಾದಕಿ ಹೋದ ಮೇಲೆ ಅಮ್ಮ ನನ್ನ ಹತ್ತಿರ ಬಂದು ಮಿಂಚು ಬಿಲ್ಲೆಯ ಡಬ್ಬಿಯನ್ನು ಸುಮ್ಮನೆ ಆ ಕಡೆಯಿಂದ ಈ ಕಡೆಗೆ ಇಟ್ಟಳು.

"ನನಗೆ ಹೊಲಿಗೆ ಇಷ್ಟ" ಎಂದೆ.

"ಅದು ಬೇರೆ ಮಾತು" ಎಂದಳು.

ಮ್ಯಾನೇಜರ್ ಮಾರನೇ ದಿನ ಬಂದು ಎರಡು ಗಂಟೆ ಮಾತಾಡಿದ. ಅಕ್ಕನಿಗೆ ಇನ್ನೂ ಮೌನ, ಹಾಗಾಗಿ ಜಗಳ ಒಂದೇ ಕಡೆಯಿಂದ ನಡೆಯಿತು. ಅವನು ಏನೇ ಹೇಳಿದರೂ ಅಕ್ಕ ಸ್ಲೇಟಿನಲ್ಲಿ 'ಇಲ್ಲ' ಎಂದಿದ್ದನ್ನೇ ತೋರಿಸಿದಳು. ಅಳಿಸಿ ಬರೆಯುವ ಶ್ರಮವೂ ಇರಲಿಲ್ಲ. ಕೊನೆಗೆ ಅವನು ಅಮ್ಮನ ಕಡೆ ತಿರುಗಿ, "ನೀವಾದ್ರೂ ಹೇಳಿ ದೊಡ್ಡಮ್ಮಾವ್ರೇ" ಎಂದ.

"ಯಾರಪ್ಪ ಅದು ದೊಡ್ಡಮ್ಮ?" ಎಂದಳು ಅಮ್ಮ.

ಪುಸ್ತಕ ಬಿಡುಗಡೆ ಒಂದು ಭಾನುವಾರ ಬೆಳಗ್ಗೆ. ಮುನ್ನೂರು ಕುರ್ಚಿಯ ಸಭಾಂಗಣ, ಅಷ್ಟೂ ತುಂಬಿ ಗೋಡೆ ಪಕ್ಕ ನಿಂತವರೂ ಇದ್ದರು. ಅಮ್ಮ ಮುಂದಿನ ಸಾಲಿನಲ್ಲಿ, ನಾನು ಅವಳ ಎಡಕ್ಕೆ. ಬಲಕ್ಕೆ ಕೂತಿದ್ದ ಹೆಂಗಸು ಬ್ಯಾಂಕಿನವರು. ಮೊದಲ ಹಾಡಿನಿಂದ ಇವತ್ತಿನವರೆಗೆ ಒಂದು ಕಾರ್ಯಕ್ರಮ ತಪ್ಪಿಸಿಲ್ಲ ಎಂದು ಕೂತ ಕೂಡಲೇ ಹೇಳಿಕೊಂಡರು.

ಅಕ್ಕ ಮೈಕಿನ ಮುಂದೆ ನಿಂತು ಮೂರನೇ ಅಧ್ಯಾಯ ತೆರೆದಳು. ಓದುವಾಗ ಕೈ ನಡುಗಿದರೆ ಕಾಣಬಾರದು ಎಂದು ತೋಳನ್ನು ನಾನು ಉದ್ದ ಬಿಟ್ಟಿದ್ದೆ.

"ನನ್ನ ಅಮ್ಮ ಸತ್ತಿಲ್ಲ" ಎಂದು ಓದಿದಳು. "ಸತ್ತಳು ಎಂದು ನಾನು ಹೇಳಲಿಲ್ಲ. ಸತ್ತಿಲ್ಲ ಎಂದೂ ಹೇಳಲಿಲ್ಲ. ನೀವು ದೊಡ್ಡಮ್ಮ ಎಂದು ತಿಳಿದವರೇ ನನ್ನ ಹೆತ್ತ ತಾಯಿ. ಇವತ್ತು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ."

ಚಪ್ಪಾಳೆ ಬಿತ್ತು. ಎಲ್ಲರೂ ಎದ್ದು ನಿಂತು ಹೊಡೆದ ಚಪ್ಪಾಳೆ. ಎಷ್ಟೋ ಜನ ಕಣ್ಣೊರೆಸಿಕೊಂಡರು. ಹಿಂದೆ ಯಾರೋ, "ಸಾಕಿದೋರನ್ನ ಹೆತ್ತೋರು ಅಂತಾಳೆ ನೋಡು, ಎಂಥಾ ಗುಣ" ಎಂದರು. ಯಾರೂ ನಂಬಲಿಲ್ಲ. ನಂಬದೆಯೇ ಮೊದಲಿಗಿಂತ ಹೆಚ್ಚು ಪ್ರೀತಿಸತೊಡಗಿದರು. ಗೋಡೆಗೆ ಒರಗಿದ್ದ ಮ್ಯಾನೇಜರ್ ಮುಖಕ್ಕೆ ಬಣ್ಣ ವಾಪಸ್ ಬಂತು.

ಅಮ್ಮ ಎದ್ದು ಹಿಂದೆ ತಿರುಗಿದಳು. "ಅಲ್ಲ, ನಾನು ನಿಜವಾಗ್ಲೂ..."

ಬ್ಯಾಂಕಿನವರು ಅವಳ ಭುಜ ಹಿಡಿದು ಮೆಲ್ಲಗೆ ಕೂರಿಸಿದರು. "ಕೂತ್ಕೊಳ್ಳಿ ದೊಡ್ಡಮ್ಮ. ನಮಗೂ ಕರುಳು ಚುರ್ ಅನ್ನುತ್ತೆ ನಿಮ್ಮ ತಂಗೀನ ನೆನೆಸ್ಕೊಂಡ್ರೆ."

ಅಮ್ಮ ಕೂತಳು. ಅವಳ ಮುಖ ನೋಡಲಾಗದೆ ನಾನು ವೇದಿಕೆಯ ಕಡೆ ನೋಡಿದೆ. ಅಲ್ಲಿ ಅಕ್ಕನಿಗೂ ಮುಂದೇನು ಎಂದು ತೋಚಲಿಲ್ಲ. ಇನ್ನು ಹಾಡಬೇಕಿತ್ತು, ಗಂಟಲು ಒಣಗಿತ್ತು. ಮೇಜಿನ ಮೇಲೆ ಯಾರೋ ಇಟ್ಟಿದ್ದ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದಳು. ಫ್ರಿಜ್ಜಿನಿಂದ ತಂದಿದ್ದು, ಮೈತುಂಬಾ ಬೆವರಿತ್ತು.

"ಏಯ್!" ಎಂದಳು ಅಮ್ಮ. "ಇಡೇ ಕೆಳಗೆ ಅದನ್ನ!"

ಅಕ್ಕ ಬೆಚ್ಚಿಬಿದ್ದಳು. "ಒಂದು ಗುಟುಕು ಅಮ್ಮ" ಎಂದಳು. ಮೈಕು ಅವಳ ಬಾಯಿಯ ಹತ್ತಿರವೇ ಇತ್ತು.

"ಗುಟುಕೂ ಇಲ್ಲ ಏನೂ ಇಲ್ಲ. ಎರಡು ದಿನ ಬಾಯಿ ಕಟ್ಕೊಂಡು ಕೂತು ಈಗ ಐಸ್ ನೀರು ಕುಡಿತಾಳಂತೆ. ನಾಳೆ ಗಂಟಲು ಕಟ್ಟಿದ್ರೆ ಯಾರು ಕಷಾಯ ಕಾಯಿಸೋದು, ನಿನ್ನ ಮ್ಯಾನೇಜರಾ?"

"ಎಲ್ಲರ ಮುಂದೆ ಬೈಬೇಡಮ್ಮ."

"ಮನೇಲಿ ಬೈದ್ರೆ ಕೇಳ್ತೀಯಾ? ಮೂವತ್ತೆಂಟು ವರ್ಷ ಆಯ್ತು ನಿನ್ನ ಹೆತ್ತು, ಒಂದು ದಿನ ಕೇಳಿದೀಯಾ?"

"ಅಯ್ಯೋ ಬಿಡು, ಇಟ್ಟೆ. ಇಟ್ಟೆ ನೋಡು." ಅಕ್ಕ ಬಾಟಲಿ ಇಟ್ಟ ಸದ್ದು ಮೈಕಿನಲ್ಲಿ ಕುಕ್ಕಿದ ಹಾಗೆ ಕೇಳಿಸಿತು. "ಸಮಾಧಾನ ಆಯ್ತಾ?"

"ಕುಕ್ಕಬೇಡ. ಮೆತ್ತಗೆ ಇಡು."

ಬ್ಯಾಂಕಿನವರು ಅಮ್ಮನ ಭುಜದ ಮೇಲಿದ್ದ ಕೈಯನ್ನು ಒಂದೊಂದೇ ಬೆರಳಾಗಿ ತೆಗೆದರು. ಹಿಂದಿನಿಂದ ಯಾರೋ, "ಅಯ್ಯಯ್ಯೋ, ಅಮ್ಮಾನೇ ಕಣ್ರೀ ಅದು" ಎಂದರು.

"ಹಾಗಾದ್ರೆ ನಾನು ಹತ್ತೊಂಬತ್ತು ವರ್ಷ ಅತ್ತಿದ್ದು?" ಎಂದರು ಬ್ಯಾಂಕಿನವರು.

"ನಾನೂ ಅತ್ತಿದೀನಿ ಕಣಮ್ಮ" ಎಂದಳು ಅಮ್ಮ. "ಹಾಡು ಚೆನ್ನಾಗಿದೆ."

ಹನ್ನೊಂದು ಜನ ಎದ್ದು ಹೋದರು, ನಾನು ಎಣಿಸಿದೆ. ಉಳಿದವರಿಗೆ ಹೋಗುವುದೋ ಇರುವುದೋ ಗೊತ್ತಾಗಲಿಲ್ಲ. ಮ್ಯಾನೇಜರ್ ಗೋಡೆಯ ಹತ್ತಿರದಿಂದ ಬೇಡ, ಆ ಹಾಡು ಬೇಡ ಎಂದು ಎರಡೂ ಕೈ ಆಡಿಸುತ್ತಿದ್ದ. ಅಕ್ಕ ಅವನನ್ನು ನೋಡದೆ ಅಮ್ಮನನ್ನು ನೋಡಿದಳು.

"ಹಾಡು" ಎಂದಳು ಅಮ್ಮ.

ಅಕ್ಕ ಹಾಡಿದಳು. ಅಂದು ಯಾರೂ ಅಳಲಿಲ್ಲ. ಹಾಡು ಮುಗಿಯುವವರೆಗೆ ಇಡೀ ಸಭೆ ಹಾಡುವವಳನ್ನು ಬಿಟ್ಟು, ಕತ್ತು ಚಾಚಿ, ಕೆಲವರು ಕುರ್ಚಿ ಹತ್ತಿ, ಅಮ್ಮನನ್ನೇ ನೋಡುತ್ತಿತ್ತು. ಅಮ್ಮ ಫೋಟೋಗೆ ಕೂತವಳ ಹಾಗೆ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಮಡಿಲಲ್ಲಿಟ್ಟು ಕೂತಿದ್ದಳು. ಆದಷ್ಟು ಕಣ್ಣು ಮಿಟುಕಿಸದಿರಲು ನೋಡುತ್ತಿದ್ದಳು.